ಗಣಕಯಂತ್ರವು ಗಂಟೆಯನ್ನು ಅರಿಯುವ ಬಗೆ

ಗಣಕಯಂತ್ರದ ಗಡಿಯಾರವನ್ನು ಹೊಂದಿಸಹೊರಟರೆ ಊರುಗಳ ಪಟ್ಟಿಯೊಂದು ಕಾಣಿಸುತ್ತದೆ. ವಿಂಡೋಸ್ ವ್ಯವಸ್ಥೆಯಲ್ಲಿ ನಮ್ಮ ದೇಶದ ಸಾಲಿನಲ್ಲಿ ಚೆನ್ನೈ, ಕೋಲ್ಕತ್ತ, ಮುಂಬಯಿ, ನವದೆಹಲಿಗಳ ಹೆಸರುಗಳುಂಟು, ಹೈದರಾಬಾದಿನ ಹೆಸರಿಲ್ಲ. ಲಿನಕ್ಸ್ ವ್ಯವಸ್ಥೆಯ ಕಡತಗಳಲ್ಲಂತೂ ಭಾರತಕ್ಕೆಲ್ಲ ಕೋಲ್ಕತ್ತವೊಂದೇ ಸಾಕಾಗಿದೆ. ನಾರಾಯಣಗೂಡದಲ್ಲಿರುವ ನಾವು ಕೋಲ್ಕತ್ತದ ಹೆಸರನ್ನು ಏಕೆ ಒಪ್ಪಿಕೊಳ್ಳಬೇಕು?

ಮೊದಲು ಸೂರ್ಯನ ಲೆಕ್ಕವನ್ನು ನೋಡೋಣ. ಭೂಮಿಯು ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಭಾರತದ ಕಾಲವನ್ನು ಮಿರ್ಜಾಪುರದ ಸಮೀಪ ಹಾಯುವ ಪೂರ್ವ ರೇಖಾಂಶ 82½ ಡಿಗ್ರಿಯಿಂದ ಎಣಿಸುತ್ತಾರೆ. ನಮ್ಮ ನಗರವಿರುವುದು ಸುಮಾರು 78½ ಡಿಗ್ರಿಯಲ್ಲಿ. ಆದುದರಿಂದ ಅಲ್ಲಿ ಸೂರ್ಯನು ನೆತ್ತಿಗೆ ಬಂದ ಸುಮಾರು 16 ನಿಮಿಷಗಳ ಮೇಲೆ ಇಲ್ಲಿ ಮಧ್ಯಾಹ್ನ. ಹಿಂದೆ ಊರೂರಿಗೂ ಬೇರೆ ಬೇರೆ ವೇಳೆಯಿತ್ತು. ಮದರಾಸಿನ ಗಡಿಯಾರವು ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ 10 ಸೆಕೆಂಡು ಮುಂದಿತ್ತು. 1906ರ ಜನವರಿ 1ರಿಂದ 5½ ಗಂಟೆಯ ಅಂತರವು ದೇಶದ ಕಾಲವೆನಿಸಿತು. ಕೋಲ್ಕತ್ತ ನಗರವು ಆ ಬಳಿಕವೂ ಬಹುಕಾಲ ತನ್ನ ಹಳೆಯ ವೇಳೆಯನ್ನೇ ಹಿಡಿದುಕೊಂಡಿತ್ತೆಂಬುದು ಒಂದು ವಿನೋದ!

ಲಿನಕ್ಸ್ ಮೊದಲಾದ ವ್ಯವಸ್ಥೆಗಳು ಗಂಟೆ ನಿಮಿಷಗಳನ್ನು ಬರೆದಿಡುವುದಿಲ್ಲ. ಗ್ರೀನಿಚ್ ಕಾಲಮಾನದಂತೆ 1970ರ ಜನವರಿ 1 ಹುಟ್ಟಿದ ಕ್ಷಣದಿಂದ, ಎಂದರೆ ನಮ್ಮಲ್ಲಿ ಅಂದು ಬೆಳಿಗ್ಗೆ 5½ ಗಂಟೆಯಿಂದ, ಸೆಕೆಂಡುಗಳನ್ನು ಎಣಿಸುತ್ತವೆ. ಅದಕ್ಕೆ ಹಿಂದಿನ ಕ್ಷಣಗಳು ಋಣ ಸಂಖ್ಯೆಗಳು. ಈ ಎಣಿಕೆಯನ್ನು ಗಡಿಯಾರದ ವೇಳೆಯಾಗಿ ಮಾರ್ಪಡಿಸಲು ಒಂದು ಕೋಷ್ಟಕ ಬೇಕು. ‘ಇಂಥ ಕ್ಷಣದಿಂದ ಈ ಪ್ರದೇಶದ ಗಡಿಯಾರ ಇಷ್ಟು ಮುಂದೆ ಅಥವಾ ಹಿಂದೆ’ ಎಂಬುದೇ ಅದರ ಒಂದೊಂದು ಸಾಲು. ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ ಎಂಬವರು 1980ರ ದಶಕದಲ್ಲಿ ಇದನ್ನು ಆರಂಭಿಸಿದರು. ಇಂದಿಗೂ ಸ್ವಯಂಸೇವಕರು ತಿದ್ದುತ್ತ ಬಂದಿದ್ದಾರೆ. 1970ರಿಂದ ಈಚೆಗೆ ಒಂದೇ ವೇಳೆಯನ್ನು ಅನುಸರಿಸಿದ ಊರುಗಳಿಗೆ, ಜನನಿಬಿಡವಾದ ಒಂದು ನಗರದ ಹೆಸರಿನಲ್ಲಿ, ಒಂದೇ ಕಡತ. ಹೀಗೆ ನಾವು ಕೋಲ್ಕತ್ತದೊಳಗೆ ಸೇರಿದೆವು. ‘ಕಲ್ಕತ್ತಾ’ ಎಂಬ ಹಳೆಯ ಹೆಸರನ್ನೂ ಅಳಿಸಿಲ್ಲ. ಅದನ್ನು ಕೇಳುವ ಹಳೆಯ ಕ್ರಮವಿಧಿಗಳು ಕೆಡಬಾರದಷ್ಟೆ.

ಈ ಕಡತದಲ್ಲಿ ಯುದ್ಧದ ಗುರುತೂ ಉಂಟು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯಲ್ಲಿ 1943ರಲ್ಲಿ ಗಡಿಯಾರದ 7 ಗಂಟೆಗೆ ಮಗುವೊಂದು ಹುಟ್ಟಿತೆನ್ನೋಣ. ಇಂದಿನ ಲೆಕ್ಕದಲ್ಲಿ ಅದು 6 ಗಂಟೆ. ಲಗ್ನವು ಸುಮಾರು 2 ಗಂಟೆಗೊಮ್ಮೆ ಬದಲಾಗುವುದರಿಂದ, ಯಾವಾಗಲೂ 5½ ಗಂಟೆಯನ್ನೇ ಕಳೆಯುವ ಗಣಕಯಂತ್ರವು ಬರೆದುಕೊಟ್ಟ ಜಾತಕದಲ್ಲಿ ಲಗ್ನವೇ ಬೇರೆಯಾದೀತು!

ನಮ್ಮಲ್ಲಿ ಈಗ ಇಲ್ಲದ ಈ ಪದ್ಧತಿ ಅಮೆರಿಕದಲ್ಲಿ ಪ್ರತಿವರ್ಷವೂ ನಡೆಯುತ್ತದೆ. ಇಲ್ಲಿ ರಾತ್ರಿ 8 ಗಂಟೆಗೆ ಅಜ್ಜಿಯು ಫೋನ್ ಮಾಡಿದರೆ, ನ್ಯೂಜೆರ್ಸಿಯ ಮೊಮ್ಮಕ್ಕಳಿಗೆ ಚಳಿಗಾಲದಲ್ಲಿ ಬೆಳಿಗ್ಗೆ 9½, ಬೇಸಿಗೆಯಲ್ಲಿ 10½. ಅಲ್ಲಿ ಗಡಿಯಾರವನ್ನು ಮುಂದಿಡುವ ದಿನವು 2006ರವರೆಗೆ ಏಪ್ರಿಲಿನ ಮೊದಲ ಭಾನುವಾರವಾಗಿತ್ತು. 2007ರಿಂದ ಅದು ಮಾರ್ಚಿಯ ಎರಡನೆಯ ಭಾನುವಾರ. ಕೋಷ್ಟಕವನ್ನು ತಿದ್ದಿಕೊಳ್ಳದ ಯಂತ್ರಗಳು ಆ ವರ್ಷ ಮೂರು ವಾರ ತಪ್ಪು ಗಂಟೆಯನ್ನು ತೋರಿಸುವಂತಾಯಿತು. ಹೊಸ ನಿಯಮವನ್ನು ಸೇರಿಸುವಾಗ ಹಳೆಯದನ್ನು ಅಳಿಸುವಂತೆಯೂ ಇಲ್ಲ. 2006ರ ಮಾರ್ಚಿಯ ಕೊನೆಯಲ್ಲಿ ನ್ಯೂಜೆರ್ಸಿಯಿಂದ ಬಂದ ಮಿಂಚಂಚೆಯನ್ನು ಇಂದು ತೆರೆದರೆ, ಅದನ್ನು ಅಲ್ಲಿ ಎಷ್ಟು ಗಂಟೆಗೆ ಬರೆದರೆಂಬುದನ್ನು ಆ ಹಳೆಯ ಸಾಲೇ ಹೇಳಬೇಕು.