ಎಲೆ ಕಾಡಿನಲ್ಲಿರಲಿ, ಚಿತ್ರ ಆಲ್ಬಮ್ಮಿಗೆ ಬರಲಿ

ಡಿಜಿಟಲ್ ಆಲ್ಬಮ್ಮಿಗೆಂದು ಸಿಗುವ ಸಿದ್ಧ ಅಲಂಕಾರಗಳಲ್ಲಿ ಮೇಪಲ್ ಎಲೆಯದೇ ದರ್ಬಾರು. ಬಿಳಿಗಿರಿರಂಗನ ಬೆಟ್ಟದ ಪ್ರವಾಸದ ಫೋಟೊ ಪಕ್ಕ ಅದನ್ನು ಅಂಟಿಸಿದರೆ ಪುಟವೇ ಪರದೇಶಿ.

ಈ ಬೆಟ್ಟಕ್ಕೂ ಎಲೆ ಉದುರುವ ಕಾಲವಿದೆ, ಆದರೆ ಅದು ಮೇಪಲ್‌ನದರಂತೆ ಅಕ್ಟೋಬರ್ ಅಲ್ಲ. ಮತ್ತಿ, ದಿಂಡಿಗ, ತೇಗ ಬೋಳಾಗುವುದು ಸಂಕ್ರಾಂತಿ ಕಳೆದು ಬಿಸಿಲು ಬಲಿಯುವಾಗ. ಆ ಹೊತ್ತಿಗೇ ಮುತ್ತುಗ ಕೇಸರಿ ಹೂ ತೊಡುತ್ತದೆ. ಪುಟದ ಬಣ್ಣಗಳನ್ನು ಅಲ್ಲಿಂದಲೇ ಆರಿಸಿ.

ಆದರೆ ಕಾಡಿನ ಎಲೆ, ಹೂವಿಗೆ ಕೈ ಚಾಚಬೇಡಿ! 2011ರಿಂದ ಇದು ಹುಲಿ ಸಂರಕ್ಷಿತ ಪ್ರದೇಶ. ಜೇನು, ನೆಲ್ಲಿಕಾಯಿ ಸಂಗ್ರಹಿಸುವ ಹಕ್ಕು ಇಲ್ಲಿನ ಬುಡಕಟ್ಟಿನ ಸೋಲಿಗರದು, ಪ್ರವಾಸಿಗರದಲ್ಲ. ಸೋಲಿಗರು ಪೂಜಿಸುವ ‘ದೊಡ್ಡ ಸಂಪಿಗೆ’ ಮರದ ಎಲೆ ಬೇಕಿದ್ದರೆ ಕ್ಯಾಮೆರಾ ಇದೆಯಲ್ಲ.

ಸ್ಕ್ಯಾನ್ ಮಾಡಲು ಮನೆಯ ಹಿತ್ತಿಲಲ್ಲಿ ಉದುರಿದ ಹಲಸಿನ ಹಣ್ಣೆಲೆ ಚೆನ್ನ. ದಪ್ಪ ಪುಸ್ತಕದಡಿ ಒತ್ತಿ ಒಣಗಿಸಿ, ಬಿಳಿ ಹಾಳೆಯ ಮೇಲಿಟ್ಟು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಉಚಿತ ತಂತ್ರಾಂಶ ಗಿಂಪ್‌ನಲ್ಲಿ ಹಿನ್ನೆಲೆ ಅಳಿಸಿ ಪಿಎನ್‌ಜಿ ಆಗಿ ಉಳಿಸಿ. ಜೆಪಿಜಿ ಮಾಡಿದರೆ ಎಲೆಯ ಸುತ್ತ ಬಿಳಿ ಚೌಕ ಮರಳಿ ಬರುತ್ತದೆ. ಎಲೆಗೆ ಕೊಡುವ ನೆರಳು ಫೋಟೊದಲ್ಲಿನ ಬೆಳಕಿನ ದಿಕ್ಕಿಗೆ ಹೊಂದಲಿ. ಪುಟಕ್ಕೆ ಎರಡು ಮೂರು ಎಲೆ ಸಾಕು, ಮುಖಗಳು ಮುಚ್ಚಿಹೋಗಬಾರದು.

ಮೂಲೆಯಲ್ಲಿ ಮರದ ಹೆಸರು, ಊರು, ತಿಂಗಳು ಬರೆಯುವುದನ್ನು ಮಾತ್ರ ಮರೆಯಬೇಡಿ.