ಹೊರನಾಡಿನ ಪರವಾನಗಿ, ನಮ್ಮೂರ ಗಾಳಿ

ಕೊಪ್ಪಳದ ಸಮೀಪದ ಗಿಣಿಗೇರಾದಲ್ಲಿ ಖಾಸಗಿ ವಿಮಾನಪಟ್ಟಿಯೊಂದಿದೆ. ಹೊರದೇಶದಲ್ಲಿ ವಿಮಾನಶಿಕ್ಷಕನ ಪರವಾನಗಿ ಪಡೆದು ಮರಳಿದ ತರುಣನೊಬ್ಬನು ಅದರ ಬಲದಿಂದಲೇ ಇಲ್ಲಿ ಹಾರಾಟವನ್ನು ಕಲಿಸಬಹುದೆ? ವಾಚಕರೊಡನೆ ನಾವು ಇದನ್ನು ವಿಚಾರಿಸೋಣ.

1944ರ ಡಿಸೆಂಬರ್ 7ರಂದು ಷಿಕಾಗೋ ನಗರದಲ್ಲಿ ಸಹಿಯಾದ ಅಂತರರಾಷ್ಟ್ರೀಯ ಒಪ್ಪಂದದ 32ನೆಯ ವಿಧಿಯಂತೆ, ಗಡಿ ದಾಟುವ ವಿಮಾನದ ಚಾಲಕನ ಪರವಾನಗಿಯನ್ನು ಆ ವಿಮಾನವು ನೋಂದಣಿಯಾದ ದೇಶವೇ ಕೊಟ್ಟಿರಬೇಕು, ಇಲ್ಲವೆ ಮಾನ್ಯ ಮಾಡಿರಬೇಕು. ತನ್ನ ಪ್ರಜೆಗೆ ಅನ್ಯದೇಶವು ಕೊಟ್ಟ ಪರವಾನಗಿಯನ್ನು ತನ್ನ ನೆಲದ ಮೇಲಣ ಹಾರಾಟಕ್ಕೆ ಒಪ್ಪದಿರುವ ಹಕ್ಕೂ ಪ್ರತಿಯೊಂದು ದೇಶಕ್ಕುಂಟು. ದೇಶದೊಳಗಿನ ಹಾರಾಟಕ್ಕಂತೂ ಆಯಾ ದೇಶದ ಕಾನೂನೇ ಪ್ರಮಾಣ. ಆದುದರಿಂದ ‘ವಿಟಿ’ ಅಕ್ಷರಗಳನ್ನು ಹೊತ್ತ ನಮ್ಮ ವಿಮಾನದಲ್ಲಿ ಪಾಠ ಹೇಳುವವನಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮನ್ನಣೆ ಅವಶ್ಯಕ.

ಇದು ಬರಿಯ ಕಾಗದದ ಕಟ್ಟುಪಾಡೆ? ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಗಿಣಿಗೇರಾ ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿದೆ. ವಿಮಾನಶಾಸ್ತ್ರದ ಪ್ರಮಾಣ ವಾಯುಮಂಡಲದಲ್ಲಿ ಆ ಎತ್ತರದ ಉಷ್ಣತೆ ಸುಮಾರು 12 ಡಿಗ್ರಿ ಸೆಂಟಿಗ್ರೇಡ್. ನಮ್ಮ ಬೇಸಿಗೆಯ ನಡುಹಗಲಿನಲ್ಲಾದರೋ 40. ಒತ್ತಡವು ಒಂದೇ ಇರುವಾಗ ಗಾಳಿಯ ಸಾಂದ್ರತೆಯು ನಿರಪೇಕ್ಷ ಉಷ್ಣತೆಗೆ ವಿಲೋಮವಾಗಿರುತ್ತದೆ. 285ನ್ನು 313ರಿಂದ ಭಾಗಿಸಿದರೆ 0.91, ಎಂದರೆ ಸಾಂದ್ರತೆ ಶೇಕಡ 9ರಷ್ಟು ಕಡಮೆ. ವಿಮಾನಕ್ಕೆ ಆಗ ಅದು ಸುಮಾರು 1500 ಮೀಟರ್ ಎತ್ತರದ ಗಾಳಿ! ರೆಕ್ಕೆಗೆ ಆಧಾರ, ಎಂಜಿನಿಗೆ ಉಸಿರು ಎರಡೂ ಕುಗ್ಗುವುವು. ಮೇಲೇಳುವ ಮುನ್ನಿನ ಓಟ ಉದ್ದವಾಗುವುದು.

ಚಳಿನಾಡಿನ ಅಂದಾಜನ್ನೇ ಶಿಕ್ಷಕನು ಇಲ್ಲಿ ಕಲಿಸಿದರೆ, ಅದರ ಫಲವನ್ನು ಶಿಷ್ಯನು ಒಬ್ಬನೇ ಹಾರುವ ದಿನ ಉಣ್ಣಬೇಕಾಗುವುದು. ನಿಯಮವು ಕೇಳುವ ಮರುಪರೀಕ್ಷೆ ಆ ಶಿಷ್ಯನ ರಕ್ಷಣೆಗಾಗಿಯೇ ಇದೆ.