ತಳ ಗಟ್ಟಿಯಾದರೆ ಕೆಲಸ ಗಟ್ಟಿ: ಎಪಾಕ್ಸಿ ಫ್ಲೋರಿಂಗ್‌ಗೆ 8 ಸೂತ್ರಗಳು

ಬಾಬುರಾಯನಕೊಪ್ಪಲು, ಶ್ರೀರಂಗಪಟ್ಟಣದ ಕಡೆಯಿಂದ ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶಕ್ಕೆ ಕೆಲಸ ಹುಡುಕಿ ಹೊರಟ ಐಟಿಐ, ಡಿಪ್ಲೊಮಾ ಗೆಳೆಯರೇ, ಇದು ನಿಮಗೆ. ಔಷಧ, ಆಹಾರ ಘಟಕಗಳಿಗೆ ಧೂಳೇಳದ ನೆಲ ಬೇಕು, ಅದಕ್ಕೇ ಕಾಂಕ್ರೀಟ್ ಮೇಲೆ ಎಪಾಕ್ಸಿ ರಾಳದ ಪದರ ಹಾಕಿಸುತ್ತಾರೆ. ಎಪಾಕ್ಸಿ ಸುರಿಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಅದರ ಕೆಳಗಿನ ಕಾಂಕ್ರೀಟ್ ಸಿದ್ಧ ಮಾಡಬಲ್ಲವರು ಕಡಿಮೆ. ಆ ಕಡಿಮೆ ಜನರಲ್ಲಿ ಒಬ್ಬರಾಗಿ.

1. ಕನಿಷ್ಠ 28 ದಿನ ಕಾಯಿರಿ.
ಹೊಸ ಕಾಂಕ್ರೀಟ್‌ಗೆ ಬಲ ಬರಲು ಅಷ್ಟು ಸಮಯ ಬೇಕು. ಬಲ ಬಂದ ಮಾತ್ರಕ್ಕೆ ಒಣಗಿದೆ ಎಂದುಕೊಳ್ಳಬೇಡಿ.

2. ತೇವ ಅಳೆಯಿರಿ.
ನಮ್ಮದು ಕಾವೇರಿ ನಾಲೆಯ ಸೀಮೆ. ಗದ್ದೆಗೆ ನೀರು ಬಿಟ್ಟರೆ ಪಕ್ಕದ ನೆಲವೂ ತೇವ ಹೀರುತ್ತದೆ. 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಕನಿಷ್ಠ 16 ಗಂಟೆ ಬಿಡಿ. ಎತ್ತಿದಾಗ ಒಳಗೆ ಹನಿ ಕಟ್ಟಿದ್ದರೆ, ನೆಲ ಕಪ್ಪಿಟ್ಟಿದ್ದರೆ ಕೆಲಸ ನಿಲ್ಲಿಸಿ. ಮೀಟರ್‌ನಲ್ಲೂ ನೋಡಿ: ಸಾಮಾನ್ಯ ಎಪಾಕ್ಸಿಗೆ ತೇವ ಶೇ. 4 ದಾಟಬಾರದು. ದಾಟಿದರೆ ಕೆಳಗಿನ ಆವಿ ಪದರವನ್ನು ಗುಳ್ಳೆ ಏಳಿಸುತ್ತದೆ.

3. ಹೊಸ ನೆಲವಾದರೆ ಮೊದಲೇ ಹೇಳಿ.
ಸ್ಲ್ಯಾಬ್ ಕೆಳಗೆ 250 ಮೈಕ್ರಾನ್ ಪಾಲಿಥಿನ್ ಹಾಸಿಸಿ. ಮಣ್ಣಿನ ತೇವವನ್ನು ಅಲ್ಲೇ ತಡೆಯುವುದು ಅಗ್ಗ.

4. ಸಿಮೆಂಟ್ ಹಾಲಿನ ಪದರ ಕೆರೆದು ತೆಗೆಯಿರಿ.
ಮೇಲೆ ತೇಲಿ ಗಟ್ಟಿಯಾದ ಆ ತೆಳು ಪದರ ದುರ್ಬಲ. ಎಪಾಕ್ಸಿ ಅದಕ್ಕೆ ಅಂಟಿದರೆ ಎರಡೂ ಒಟ್ಟಿಗೇ ಏಳುತ್ತವೆ. ಡೈಮಂಡ್ ಗ್ರೈಂಡರ್ ಓಡಿಸಿ, ಅಂಗೈಗೆ ಮರಳು ಕಾಗದದಂಥ ಒರಟು ಸಿಗುವವರೆಗೆ ಬಿಡಬೇಡಿ. ಆಸಿಡ್ ವಾಶ್ ನಂಬಬೇಡಿ. ಅದು ನೀರು, ಉಪ್ಪು ಎರಡನ್ನೂ ನೆಲದಲ್ಲಿ ಉಳಿಸುತ್ತದೆ.

5. ನೀರಿನ ಹನಿ ಹಾಕಿ ನೋಡಿ.
ಹನಿ ಇಂಗಿದರೆ ಸರಿ. ಮಣಿಯಂತೆ ನಿಂತರೆ ಎಣ್ಣೆ ಅಥವಾ ಹಳೇ ಸೀಲರ್ ಇದೆ. ಡಿಗ್ರೀಸರ್‌ನಿಂದ ತೊಳೆಯಿರಿ, ಒಣಗಿಸಿ, ಮತ್ತೆ ಉಜ್ಜಿ. ಆಳಕ್ಕೆ ಎಣ್ಣೆ ಕುಡಿದ ಜಾಗವನ್ನು ಒಡೆದು ಹೊಸದಾಗಿ ತುಂಬಿ.

6. ಬಿರುಕಿಗೂ ಜಾಯಿಂಟ್‌ಗೂ ವ್ಯತ್ಯಾಸ ತಿಳಿಯಿರಿ.
ಅಲುಗಾಡದ ಬಿರುಕನ್ನು ‘ವಿ’ ಆಕಾರದಲ್ಲಿ ಬಿಡಿಸಿ ಎಪಾಕ್ಸಿ ತುಂಬಿ. ಎಕ್ಸ್‌ಪಾನ್ಷನ್ ಜಾಯಿಂಟ್ ಮುಚ್ಚಬೇಡಿ. ಆ ಜಾಯಿಂಟನ್ನು ಎಪಾಕ್ಸಿಯ ಮೇಲ್ಮೈವರೆಗೂ ತಂದು ಬಾಗುವ ಸೀಲಂಟ್ ಹಾಕಿ. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದ ಭಾಗ ತೆಗೆದುಬಿಡಿ.

7. ವ್ಯಾಕ್ಯೂಮ್ ಮಾಡಿ, ಮಾಸ್ಕ್ ಹಾಕಿ.
ಪೊರಕೆ ಧೂಳನ್ನು ರಂಧ್ರಕ್ಕೆ ತಳ್ಳುತ್ತದೆ, ಪ್ರೈಮರ್ ಹಿಡಿಯುವುದಿಲ್ಲ. ಕಾಂಕ್ರೀಟ್ ಧೂಳಿನ ಸಿಲಿಕಾ ಶ್ವಾಸಕೋಶವನ್ನೇ ಕೆಡಿಸುತ್ತದೆ. ಆರೋಗ್ಯ ಉಳಿದರೆ ತಾನೇ ಕರಿಯರ್?

8. ಹವೆ ನೋಡಿ ಪ್ರೈಮರ್ ಹಚ್ಚಿ.
ನೆಲದ ಉಷ್ಣಾಂಶ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಲಿ. ಇಲ್ಲದಿದ್ದರೆ ಕಣ್ಣಿಗೆ ಕಾಣದ ನೀರಿನ ಪೊರೆಯ ಮೇಲೆ ಪ್ರೈಮರ್ ಹಚ್ಚಿದಂತೆ.

“ನನ್ನಿಂದ ಆಗುತ್ತದಾ” ಎಂಬ ಅನುಮಾನ ಒಂದು ಅಭ್ಯಾಸ ಅಷ್ಟೇ, ಅಳತೆ ಶುರು ಮಾಡಿದರೆ ಬಿಟ್ಟುಹೋಗುತ್ತದೆ. ಎಪಾಕ್ಸಿ ನೆಲದ ಭಾರತೀಯ ಮಾನಕ ಐಎಸ್ 4631 ಓದಿ. ಪ್ರತಿ ರೀಡಿಂಗ್ ಬರೆದಿಡಿ, ಫೋಟೊ ತೆಗೆಯಿರಿ. ಮುಂದಿನ ಕೊಟೇಷನ್‌ನಲ್ಲಿ ತಳ ಸಿದ್ಧತೆಗೇ ಪ್ರತ್ಯೇಕ ದಿನ, ಪ್ರತ್ಯೇಕ ದರ ಹಾಕಿ, ಧೈರ್ಯವಾಗಿ ಕೇಳಿ.